ಫುಮಿ ಅಜ್ಜಿಯ ಅಡುಗೆಮನೆ

ಪಾಸ್‌ಪೋರ್ಟ್ ಕಳೆಯಬಹುದಿತ್ತು. ಅಮ್ಮನ ಮಂಡಿ ವಿಮಾನ ನಿಲ್ದಾಣದಲ್ಲೇ ಕೈಕೊಡಬಹುದಿತ್ತು. ಜಪಾನಿನ ಎರಡು ಬೋಗಿಯ ಹಳ್ಳಿ ರೈಲಿನಲ್ಲಿ ತೂಕಡಿಸಿ ಇಳಿಯುವ ನಿಲ್ದಾಣ ತಪ್ಪಬಹುದಿತ್ತು. ಭೂಕಂಪ, ಹಿಮ, ಗೊತ್ತಿಲ್ಲದೆ ಹೊಟ್ಟೆ ಸೇರುವ ಮೀನು, ಬೆಟ್ಟದಿಂದ ಇಳಿಯುವ ಕರಡಿ. ಅಮೆರಿಕದಲ್ಲಿ ಕೆಲಸಕ್ಕೆ ಹೋಗುತ್ತ ಸೀಕಾಕಸ್ ನಿಲ್ದಾಣದಲ್ಲಿ ದಿನವೂ ರೈಲು ಬದಲಿಸುವಾಗಲೂ ಬೋರ್ಡನ್ನು ಮತ್ತೆ ಮತ್ತೆ ನೋಡುವವನು ನಾನು. ಸಮರ್‌ಸೆಟ್‌ನ ನಮ್ಮ ಮನೆಯಲ್ಲಿ ಕರಡಿ ಓಡಿಸುವ ಗಂಟೆಯೊಂದನ್ನು ಸೂಟ್‌ಕೇಸಿಗೆ ತುರುಕುತ್ತಿದ್ದಾಗ ಅಮ್ಮ ನಕ್ಕುಬಿಟ್ಟಳು. "ಲೋ, ಐವತ್ತು ದಾಟ್ತು ನಿಂಗೆ. ಕರಡೀಗೂ ಒಂದು ರುಚಿ ಅಂತ ಇರತ್ತೆ ಕಣೋ." ಅವಳ ಕೈಯಲ್ಲಿ ಸಾರಿನ ಪುಡಿಯ ಡಬ್ಬಿ ಇತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ: ಫುಮಿ ಅಜ್ಜಿಯ ಅಡುಗೆಮನೆಯಲ್ಲಿ ಇನ್ನೊಂದು ಸಲ ಸಾರು ಮಾಡಬೇಕು.

ಫುಮಿ ಅಜ್ಜಿಯ ಮನೆಯ ಬಾಗಿಲು ಸರಿಸಿದೊಡನೆ ಸೀಮೆಎಣ್ಣೆ ಒಲೆಯ ವಾಸನೆ ಮುಖಕ್ಕೆ ಬಡಿಯಿತು, ನಾನು ಏಳು ವರ್ಷದವನಾದೆ. ಅಮೆರಿಕಕ್ಕೆ ಬರುವ ಮೊದಲು ಅಪ್ಪನ ಕಂಪನಿ ನಮ್ಮನ್ನು ಎರಡು ವರ್ಷ ಜಪಾನಿನ ಈ ಬೆಟ್ಟದೂರಿನಲ್ಲಿ ಇಟ್ಟಿತ್ತು. ಚಳಿಗಾಲದಲ್ಲಿ ನಮ್ಮ ಬಾಡಿಗೆ ಮನೆಯ ನಲ್ಲಿ ಹೆಪ್ಪುಗಟ್ಟಿದರೆ ಅಮ್ಮ ಪಾತ್ರೆ ಹೊತ್ತು ಪಕ್ಕದ ಮನೆಯ ಫುಮಿ ಅಜ್ಜಿಯಲ್ಲಿಗೆ ಹೋಗುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆದರೂ ನಾವು ಮೀನು ತಿನ್ನುವುದಿಲ್ಲವೆಂದು ತಿಳಿದ ಅಜ್ಜಿ, ಅಣಬೆ ಮತ್ತು ಕಡಲ ಸೊಪ್ಪು ಕುದಿಸಿದ ರಸಕ್ಕೆಂದೇ ಒಂದು ಪಾತ್ರೆಯನ್ನು ಬೇರೆ ಎತ್ತಿಟ್ಟಿದ್ದಳು. ಸೂರಿನಲ್ಲಿ ಅವಳು ದಾರಕ್ಕೆ ಪೋಣಿಸಿ ಒಣಹಾಕಿದ ಕಾಕಿ ಎಂಬ ಕಿತ್ತಳೆ ಬಣ್ಣದ ಹಣ್ಣು, ಕೆಳಗೆ ಚಾಪೆಯ ಮೇಲೆ ಅಮ್ಮನ ಸಂಡಿಗೆ. ನಾನು ಒಲೆಗೆ ಕಾಲು ಚಾಚಿ ಮಲಗಿದರೆ ಅಜ್ಜಿ ಗದರುತ್ತಿದ್ದಳು. ನನಗೆ ಬರುವ ಜಪಾನಿ ಭಾಷೆಯೆಲ್ಲ ಅವಳ ಬೈಗುಳದಿಂದಲೇ ಕಲಿತದ್ದು. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ನಿಮ್ಮದಲ್ಲದ ನಿಮ್ಮ ಮನೆ.

ಈಗ ನಮ್ಮ ಬಾಡಿಗೆ ಮನೆ ಇದ್ದಲ್ಲಿ ಹುಲ್ಲು. ಶಾಲೆ ಮುಚ್ಚಿದೆ, ಅಂಗಡಿಗಳ ಶಟರುಗಳಿಗೆ ತುಕ್ಕು. ಫುಮಿ ಅಜ್ಜಿ ಹೋಗಿ ಎಷ್ಟೋ ವರ್ಷವಾಗಿ, ಅವಳ ಮನೆ ಪ್ರವಾಸಿಗರ ವಸತಿಯಾಗಿದೆ. ಹೆಸರು, 'ಅಜ್ಜಿಯ ಮನೆ'. ಯಾವ ಅಜ್ಜಿ ಎಂದು ಕೇಳಿದರೆ ಟೋಕಿಯೋದಿಂದ ಬಂದ ಯುವ ಮಾಲೀಕನಿಗೆ ಗೊತ್ತಿಲ್ಲ. ಮನೆ ಬುಕ್ ಮಾಡಿದ ನನ್ನ ಮಗಳು ಅಮೆರಿಕದಲ್ಲೇ ಅದರ ಜಾಹೀರಾತು ಓದಿ ಹೇಳಿದ್ದಳು: "ಡ್ಯಾಡ್, ಇಟ್ಸ್ ಕಾಲ್ಡ್ ಹಿಡನ್ ಜಪಾನ್. ಸೋ ಪೀಸ್‌ಫುಲ್!" ಬಚ್ಚಿಟ್ಟವರು ಯಾರು ಸ್ವಾಮಿ? ಇಲ್ಲಿ ಮಕ್ಕಳಿದ್ದರು, ಜಗಳಗಳಿದ್ದವು, ನಾಯಿಗಳಿದ್ದವು. ಒಂದು ಊರು ಸಾಯುವುದನ್ನು ಸುಮ್ಮನೆ ನೋಡುತ್ತ ಕೂತು, ಸತ್ತ ಮೇಲೆ ಅದರ ಮೌನಕ್ಕೆ ಶಾಂತಿ ಎಂದು ಹೆಸರಿಟ್ಟು ಮಾರುತ್ತಾರೆ. ಕೊಂಡವನು ನಾನೇ, ಉಪಾಹಾರ ಸಮೇತ.

ಅಮ್ಮ ಡಬ್ಬಿ ಹಿಡಿದು ಒಳಗೆ ನಡೆದಳು. ಮಾಲೀಕ ಓಡಿಬಂದು, ನಡು ಬಗ್ಗಿಸಿ, ಎರಡೂ ಕೈ ಅಡ್ಡ ಹಿಡಿದ. ಅಡುಗೆಮನೆಗೆ ಅತಿಥಿಗಳು ಬರುವಂತಿಲ್ಲ.

"ಹೋಗ್ಲಿ ಬಿಡೋ," ಎಂದಳು ಅಮ್ಮ. "ಅವರ ಮನೆ."

ಆ ಮಾತಿಗೆ ನನ್ನ ತಲೆ ಕೆಟ್ಟಿತು. ಜನ್ಮದಲ್ಲಿ ಯಾರ ಮೇಲೂ ರೇಗದ ನಾನು ಕಿರುಚಿದೆ. ಆದರೆ ನನ್ನ ಬಳಿ ಇದ್ದದ್ದು ಏಳು ವರ್ಷದವನ ಜಪಾನಿ ಭಾಷೆ ಮಾತ್ರ. "ನೀನು ಕೆಟ್ಟೋನು! ಇದು ಅಜ್ಜಿ ಮನೆ! ಇರು, ಅಜ್ಜಿಗೆ ಹೇಳ್ತೀನಿ!"

ಬೋಳುತಲೆಯ ನನ್ನನ್ನು ಅವನು ಬಾಯಿ ತೆರೆದು ನೋಡಿದ. ನಗಲಿಲ್ಲ. ಪಕ್ಕಕ್ಕೆ ಸರಿದ.

"ಏನಂದ್ಯೋ ಆ ಹುಡುಗನಿಗೆ?"

"ಸ್ವಲ್ಪ ಖಡಕ್ಕಾಗಿ ಹೇಳ್ದೆ ಅಷ್ಟೆ."

ಒಳಗೆಲ್ಲ ಸ್ಟೀಲು. ಅಮ್ಮ ಕಿಟಕಿಯ ಪಕ್ಕದ ಒಲೆಯನ್ನೇ ಆರಿಸಿಕೊಂಡಳು. ಬೇಳೆ ಬೆಂದಿತು, ಇಂಗಿನ ಘಮ ತೊಲೆಗಳವರೆಗೆ ಏರಿತು. ಒಗ್ಗರಣೆ ಹಾಕಿದ ಮೇಲೆ ಅವಳು ಸೌಟು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದಳು, ಯಾರೋ ಬರಬೇಕೆನ್ನುವಂತೆ. ಆಮೇಲೆ ಇಳಿಸಿದಳು. ಮಾಲೀಕನಿಗೂ ಒಂದು ಬಟ್ಟಲು ಕೊಟ್ಟಳು.

ಮೊದಲ ಗುಟುಕಿಗೇ ಗೊತ್ತಾಯಿತು. ಆ ಎರಡು ಚಳಿಗಾಲವೂ ಅಮ್ಮ ಸಾರು ಕುದಿಸಿದ ಮೇಲೆ ಅಜ್ಜಿ ಸೌಟಿನಿಂದ ರುಚಿ ನೋಡಿ, ಜಾಡಿಗೆ ಕೈ ಹಾಕಿ, ತಾನೇ ಉಪ್ಪು ಹಾಕುತ್ತಿದ್ದಳು. ಅದು ಅವಳ ಪಾಲಿನ ಕೆಲಸ. ಅಮ್ಮ ಬಟ್ಟಲಿನಿಂದ ತಲೆ ಎತ್ತಲಿಲ್ಲ. ನಾನು ಬಟ್ಟಲು ಪೂರ್ತಿ ಖಾಲಿ ಮಾಡಿದೆ.

ಸಾರಿಗೆ ಯಾರೂ ಉಪ್ಪು ಹಾಕಿರಲಿಲ್ಲ.