ಬೆಣ್ಣೆಹಣ್ಣಿನ ಮರಕ್ಕೆ ಐವತ್ತೆರಡು ಮೀಟರ್

ಬೆಳಗಿನ ಆರೂವರೆ. ರ್ವೆನ್ಜೋರಿ ಬೆಟ್ಟದಿಂದ ಇಳಿದ ಮಂಜು ಇನ್ನೂ ಕೋರ್ಟಿನ ಹಂಚಿನ ಮೇಲಿದೆ. ಒಳಗೆ ಕೋಬುಸಿಂಗೆ ಸಾಕ್ಷಿ ಕಟಕಟೆಯ ಬುಡಕ್ಕೆ ಉಕ್ಕಿನ ಟೇಪಿನ ತುದಿ ಸಿಕ್ಕಿಸಿ ಹಿಂದೆ ಹಿಂದೆ ನಡೆಯುತ್ತಿದ್ದಾರೆ. ಬಾಗಿಲಿಗೆ ಒಂಬತ್ತು ಮೀಟರ್, ಕಿಟಕಿಗೆ ಆರು. ನಿನ್ನೆಯೂ ಅಷ್ಟೇ ಇತ್ತು. ಆದರೂ ಇಂದು ಎರಡೆರಡು ಸಲ ಅಳೆಯುತ್ತಾರೆ. ಹತ್ತು ಗಂಟೆಗೆ ಒಬ್ಬ ಮನುಷ್ಯ ಮನೆಗೆ ಹೋಗುತ್ತಾನೋ ಜೈಲಿಗೆ ಮರಳುತ್ತಾನೋ ಎಂಬುದು ಆರು ವರ್ಷದ ಹಿಂದೆ ಅವರು ಅಳೆದ ಒಂದು ಅಂತರದ ಮೇಲೆ ನಿಂತಿದೆ.

ಕೋಬುಸಿಂಗೆ ಇಪ್ಪತ್ಮೂರು ವರ್ಷಗಳಿಂದ ಇಲ್ಲಿ ಅಟೆಂಡರ್. ಊರಿಗೆಲ್ಲ ಅವರು ಅಡ್ಯೇರಿ, ಟೂರೊ ಮಂದಿ ಪ್ರೀತಿಯಿಂದ ಕರೆಯುವ ಹೆಸರು; ಅಮೂಟಿ, ಅರಾಲಿ ಎಂಬವೂ ಅಂಥವೇ. ಸಾಕ್ಷಿಗಳನ್ನು ಕೂಗುವುದು, ಕಡತ ಹೊರುವುದು ಅವರ ಕೆಲಸ. ಅಳೆಯುವುದು ಯಾರೂ ಹೇಳಿದ್ದಲ್ಲ. "ನಮ್ಮೋರು ಮೀಟರ್ ಲೆಕ್ಕ ಹೇಳಲ್ಲ. ಇಲ್ಲಿಂದ ಆ ಮರದಷ್ಟು ದೂರ ಅಂತಾರೆ. ಜಡ್ಜು ಕಿಟಕಿ ಕಡೆ ನೋಡಿ ಅಂದಾಜು ಬರೀತಾರೆ. ನಂಗೆ ಊಟ ಸೇರಲ್ಲ," ಎನ್ನುತ್ತಾರೆ.

ಅದಕ್ಕೇ ಊಟದ ಬಿಡುವಿನಲ್ಲಿ ಅಳೆಯುತ್ತಾರೆ. ಚೀಟಿ ಬರೆದು, ಎರಡೂ ಕಡೆಯ ವಕೀಲರ ಸಹಿ ಹಾಕಿಸಿ, ಕಡತಕ್ಕೆ ದಾರದಲ್ಲಿ ಕಟ್ಟುತ್ತಾರೆ. ದಿನಕ್ಕೆ ಮೂರ್ನಾಲ್ಕು ಚೀಟಿ. ಹೆಚ್ಚಿನವನ್ನು ಯಾರೂ ಓದಿಲ್ಲ. ಮೊದಲು ದರ್ಜಿಯ ಬಟ್ಟೆ ಟೇಪಿತ್ತು. ಬಳಸಿ ಬಳಸಿ ಹಿಗ್ಗಿತೆಂದು ಗೊತ್ತಾದ ದಿನವೇ ಒಲೆಗೆ ಹಾಕಿದರು. ಸರ್ಕಾರಿ ವಕೀಲ ರ್ವಾಬ್ವೋಗೊ ಮಾತ್ರ ಆ ದರ್ಜಿ ಟೇಪಿನ ತಮಾಷೆಯನ್ನು ಇನ್ನೂ ಬಿಟ್ಟಿಲ್ಲ.

"ಏನಮ್ಮ ಅಡ್ಯೇರಿ, ನನ್ನ ಕೋಟು ಯಾವಾಗ ಕೊಡ್ತೀರಿ?"

"ನಿಮ್ಮ ಹೊಟ್ಟೆಗೆ ಈ ಟೇಪು ಸಾಲಲ್ಲ, ಅಮೂಟಿ."

ಆರು ವರ್ಷದ ಹಿಂದೆ ಸೈಕಲ್ ರಿಪೇರಿಯ ಕ್ಯಾಲಿಗೊಂಜಾನಿಗೆ ಚಹಾ ತೋಟದ ಕಾವಲುಗಾರನ ಕೊಲೆಗಾಗಿ ಮೂವತ್ತೈದು ವರ್ಷ ಶಿಕ್ಷೆಯಾಗಿತ್ತು. ಅವನು ಮುಸ್ಸಂಜೆಯ ಮಬ್ಬಿನಲ್ಲಿ ಓಡುವುದನ್ನು ಕಂಡೆ ಎಂದಿದ್ದರು ಒಬ್ಬ ಅಜ್ಜಿ. ಎಷ್ಟು ದೂರದಿಂದ? ಅಜ್ಜಿ ಕಟಕಟೆಯಿಂದ ಕಿಟಕಿಯಾಚೆ ಬೆರಳು ತೋರಿಸಿದರು: "ಇಲ್ಲಿಂದ ಆ ಬೆಣ್ಣೆಹಣ್ಣಿನ ಮರ." ಜಡ್ಜು ಸುಮಾರು ಹದಿನೈದು ಮೀಟರ್ ಎಂದು ಬರೆದುಕೊಂಡರು. ಉಕ್ಕಿನ ಟೇಪಿನಲ್ಲಿ ಅಳೆದು ಬರೆದ ಅಡ್ಯೇರಿಯ ಚೀಟಿಯಲ್ಲಿ ಐವತ್ತೆರಡು; ಅದನ್ನು ಆಗ ಯಾರೂ ಓದಲಿಲ್ಲ. ಕ್ಯಾಲಿಗೊಂಜಾನ ಅಂಗಿಯ ಮೇಲಿನ ರಕ್ತ ಸತ್ತವನ ಗುಂಪಿನದೇ ಎಂದಿತು ಪ್ರಯೋಗಾಲಯ.

ಕಳೆದ ತಿಂಗಳು ಮೇಲ್ಮನವಿ ಕೇಳಲು ಮೂವರು ನ್ಯಾಯಮೂರ್ತಿಗಳು ಬಂದರು. ಕ್ಯಾಲಿಗೊಂಜಾನ ರಕ್ತವೂ ಅದೇ ಗುಂಪು ಎಂದು ಅವನ ವಕೀಲೆ ವರದಿ ತೋರಿಸಿದರು. ಚೈನು, ಕಡ್ಡಿ ತಾಗಿ ಅವನ ಕೈ ಗೀರುವುದು ದಿನದ ಮಾತು. ಅಂಗಿಯ ಸಾಕ್ಷ್ಯ ಬಲ ಕಳೆದುಕೊಂಡಿತು. ಭಾರವೆಲ್ಲ ಅಜ್ಜಿಯ ಕಣ್ಣಿನ ಮೇಲೆ ಬಿತ್ತು. ಆದರೆ ಕಾರು ನಿಲ್ಲಿಸಲು ಜಾಗ ಬೇಕೆಂದು ಮರವನ್ನು ಎಂದೋ ಕಡಿದಿದ್ದರು. ಉಳಿದದ್ದು ಚೀಟಿ. ಅದರ ಮೇಲೆ ಎರಡು ಸಹಿ, ಒಂದು ರ್ವಾಬ್ವೋಗೊ ಅವರದೇ.

ಆ ದಿನ ಚಹಾ ಬಿಡುವಿನಲ್ಲಿ ರ್ವಾಬ್ವೋಗೊ ಅಂಗಳಕ್ಕೆ ಬಂದರು. "ಐವತ್ತೆರಡು ಏನು ಮಹಾ ದೂರ?"

ಅಡ್ಯೇರಿ ಐವತ್ತೆರಡು ಮೀಟರಿಗೆ ಟೇಪು ಹಾಸಿದರು. "ಆ ತುದೀಲಿ ನಿಂತಿರೋದು ಯಾರು, ಹೇಳಿ?"

"ನನ್ನ ಡ್ರೈವರು!"

ಮಳೆಕೋಟು ತೊಟ್ಟ ಆಕೃತಿ ಹತ್ತಿರ ಬಂತು. ಕ್ಯಾಂಟೀನಿನಾಕೆ.

"ಡ್ರೈವರಿಗೆ ಲಂಗ ಯಾವಾಗ ಹೊಲಿಸಿದ್ರಿ, ಅಮೂಟಿ? ಅದೂ ಹಾಡಹಗಲು!" ಅಂಗಳವೆಲ್ಲ ನಕ್ಕಿತು. ರ್ವಾಬ್ವೋಗೊ ಕೂಡ ನಕ್ಕರು.

ಇಂದು ಹತ್ತು ಗಂಟೆಗೆ ತೀರ್ಪು. ಅಡ್ಯೇರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾರೆ. ಅಜ್ಜಿ ಸುಳ್ಳು ಹೇಳಿಲ್ಲ, ಅಷ್ಟು ದೂರದ ಮಬ್ಬಿನಲ್ಲಿ ಅವರಿಗೆ ಕಂಡದ್ದು ಒಬ್ಬ ಮನುಷ್ಯ, ಮುಖವಲ್ಲ ಎನ್ನುತ್ತಾರೆ ಹಿರಿಯ ನ್ಯಾಯಮೂರ್ತಿ. ಅಂಗಿಯ ರಕ್ತ ಅವನದೇ ಇರಬಹುದು. ಬಿಡುಗಡೆ.

ಹೊರಗೆ ಹೆಂಗಸರು ಸಂಭ್ರಮಕ್ಕೆ ಹಾಕುವ ಉಲುಲು ಕೂಗಿಗೆ ಪಾರಿವಾಳಗಳು ಹಾರುತ್ತವೆ. ಕ್ಯಾಲಿಗೊಂಜಾ ಅಡ್ಯೇರಿಯ ಎರಡೂ ಕೈ ಹಿಡಿದುಕೊಳ್ಳುತ್ತಾನೆ. "ನಮ್ಮನೆ ಇಲ್ಲಿಂದ ಎಷ್ಟು ದೂರ, ಅಳೆದಿದ್ದೀರಾ?"

"ಅದನ್ನ ನೀನೇ ನಡೆದು ಅಳೆಯಪ್ಪ, ಅರಾಲಿ."

ಅಡ್ಯೇರಿಗೆ ಇನ್ನೇನು ಬೇಕು? ಟೇಪು ಸುತ್ತಿಕೊಳ್ಳುತ್ತಾ ಯೋಚಿಸುತ್ತಾರೆ.

"ಒಂದು ಬೆಣ್ಣೆಹಣ್ಣಿನ ಗಿಡ ನೆಡಬೇಕು, ಅದೇ ಜಾಗದಲ್ಲಿ. ಈಗ ಸಾಕ್ಷಿಗಳು ಕಾರು ತೋರಿಸ್ತಾರೆ. ನಾನು ಟೇಪು ತಗೊಂಡು ಹೋಗೋಷ್ಟರಲ್ಲಿ ಕಾರು ಮನೆಗೆ ಹೋಗಿರುತ್ತೆ."