ನಗುತ್ತಾ ಸೋತ ಮೇಡಂ

ಹೊಸೂರಿನ ನಮ್ಮ ರಸಾಯನ ಲ್ಯಾಬಿನಲ್ಲಿ ಸಂಶೋಧಕಿ ಮೇಡಂ ನಿಧಾನವಾಗಿ ನಡೆದದ್ದನ್ನು ಅವರ ಸಹಾಯಕಿಯಾದ ನಾನು ಕಂಡಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದರು. ಯಾರು ಏನೇ ಹೇಳಿದರೂ ಒಂದೇ ಮಾತು: "ನೋಡ್ಬುಡಾನ ಕಣಮ್ಮ!"

ಬಿಸಿ ವೇಗವರ್ಧಕದ ಮೇಲೆ ಹಾದ ಹೆಕ್ಸೇನ್ ಆವಿ ನೇರವಾಗಿ ಬೆಂಜೀನ್ ಆಗುತ್ತದೆ, ನಡುವೆ ಬೇರೊಂದು ಅನಿಲವಾಗುವುದಿಲ್ಲ ಎಂಬುದು ಅವರ ಎರಡು ವರ್ಷದ ವಾದ. ಪ್ರಬಂಧವೂ ಅರ್ಧ ಬರೆದಾಗಿತ್ತು. ಲ್ಯಾಬಿನ ಮುಖ್ಯಸ್ಥರಾದ ದೊಡ್ಡ ಸಾಹೇಬರು ಮಾತ್ರ ಒಪ್ಪಿರಲಿಲ್ಲ.

ಕೊನೆಗೆ ಹೆಕ್ಸೇನಿಗೆ ಒಂದಿಷ್ಟು ವಿಕಿರಣಶೀಲ ಇಂಗಾಲದ ಗುರುತು ಹಾಕಿ ಪರೀಕ್ಷೆಗಿಟ್ಟೆವು; ಅದರಿಂದ ಹುಟ್ಟಿದ್ದರಲ್ಲೆಲ್ಲ ಆ ಗುರುತು ಉಳಿಯುತ್ತದೆ. ಬೆರೆತದ್ದನ್ನು ಬಿಡಿಸಿಕೊಡುವ ಗ್ಯಾಸ್ ಕ್ರೊಮಟೋಗ್ರಾಫಿನಿಂದ ಅನಿಲಗಳು ಒಂದೊಂದಾಗಿ ಹೊರಬಂದವು. ಆಗುವುದೇ ಇಲ್ಲವೆಂದು ಮೇಡಂ ವಾದಿಸಿದ್ದ ಆ ನಡುವಿನ ಅನಿಲ ಬಂದಾಗ ವಿಕಿರಣ ಎಣಿಸುವ ಯಂತ್ರ ಟಕಟಕನೆ ಬಡಿದುಕೊಂಡಿತು.

"ಅಯ್ಯಯ್ಯೋ, ಇಲ್ಲೇ ಅವ್ನೆ ಕಣಮ್ಮ ಕಳ್ಳ!" ಮೇಡಂ ನನ್ನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿದರು.

"ನಿಮ್ ಪ್ರಬಂಧ ಹೋಯ್ತಲ್ಲ ಮೇಡಂ?"

"ಹೋಗ್ಲಿ ಬುಡು! ಎಲ್ಡು ವರ್ಷದಿಂದ ಬಚ್ಚಿಟ್ಕೊಂಡಿದ್ದೋನು ಸಿಕ್ಬುಟ್ಟ!"

ಯಂತ್ರ ಗೀಚಿದ ಚಾರ್ಟ್ ಕಾಗದ ಹರಿದುಕೊಂಡು, ಅದನ್ನು ಬಾಲದಂತೆ ಎಳೆಯುತ್ತಾ ಸಾಹೇಬರ ಕೋಣೆಗೆ ನುಗ್ಗಿದರು. ನಾನೂ ಹಿಂದೆಯೇ ಓಡಿದೆ. ಆ ಮುಖದ ಸಂಭ್ರಮ ಕಂಡ ಸಾಹೇಬರು, ಮೇಡಂ ವಾದವೇ ಗೆದ್ದಿತೆಂದುಕೊಂಡು, ಎದ್ದುನಿಂತು ಕೈಮುಗಿದು, "ಒಪ್ಕೊಂಡೆ ಮೇಡಂ, ತಪ್ಪು ನಂದೇ" ಎಂದುಬಿಟ್ಟರು.

"ಇಲ್ಲ ಸಾರ್, ನಂದು! ಪೂರಾ ನಂದೇ!" ಎನ್ನುತ್ತಾ ಮೇಡಂ ನಗು ತಡೆಯಲಾರದೆ ನೆಲದ ಮೇಲೇ ಕೂತರು.