ಮೂವತ್ತೇಳು ಪುಟ್ಟ ಪಾದಗಳ ಕಡತ

“ಹೊಗಳಿ ಬರೆದರೆ ದೊಡ್ಡಮ್ಮನವರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ, ಹೊಗಳದಿದ್ದರೆ ಅವರ ನಿವೃತ್ತಿಯ ಅಭಿನಂದನ ಗ್ರಂಥದ ಸಮಿತಿಯವರು ವಾಪಸು ಕಳಿಸುತ್ತಾರೆ. ನಾನು ಯಾವ ಬಾವಿಗೆ ಬೀಳಲಿ?” ಎಂದು ದಿನಚರಿಯಲ್ಲಿ ತೋಡಿಕೊಂಡ ಮೇಲೆಯೇ ಈ ಲೇಖಕಿಗೆ, ಅಂದರೆ ದೊಡ್ಡಮ್ಮನವರ ಕೈಕೆಳಗಿನ ಅತಿ ಕಿರಿಯ ಗುಮಾಸ್ತೆಗೆ, ಲೇಖನಿ ಹಿಡಿಯುವ ಧೈರ್ಯ ಬಂದದ್ದು.

ತಾಯಿ-ಮಕ್ಕಳ ಆರೋಗ್ಯಕ್ಕೆಂದು ಸರ್ಕಾರ ಮಂಜೂರು ಮಾಡಿದ ಅನುದಾನ ಹೆರಿಗೆ ವಾರ್ಡಿನ ಬಾಗಿಲು ಮುಟ್ಟುವಷ್ಟರಲ್ಲಿ ಮಗು ಶಾಲೆಗೆ ಸೇರಿರುತ್ತದೆ ಎಂಬ ದೂರನ್ನು ಸುಳ್ಳು ಮಾಡಿದವರಲ್ಲಿ, ಕಚೇರಿಯೆಲ್ಲ ದೊಡ್ಡಮ್ಮ ಎಂದೇ ಕರೆಯುವ ನಮ್ಮ ಮೇಲ್ವಿಚಾರಕರು ಅಗ್ರಗಣ್ಯರು. ಬೆರಳಚ್ಚುಗಾರ್ತಿಯಾಗಿ ಸೇರಿ ಮೂವತ್ನಾಲ್ಕು ವರ್ಷ ಕಡತಗಳ ಬೆನ್ನು ಹತ್ತಿದ ಅವರು, ಸಹಿ ಬೀಳುವ ತನಕ ಅಧಿಕಾರಿಗಳ ಕೋಣೆಯಲ್ಲೇ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಎರಡನೆಯ ತೋಳಿಗೆ ಬರುವಷ್ಟರಲ್ಲಿ ಎಂಥವರೂ ಪೆನ್ನು ಹುಡುಕುತ್ತಿದ್ದರು.

ಈ ಲೇಖಕಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ನವಜಾತ ಶಿಶುಗಳಿಗೆ ಕೊಟ್ಟ ಹೊದಿಕೆಗೆ ರಸೀದಿಯ ನಮೂನೆ ತಯಾರಿಸಿದಳು. ‘ಫಲಾನುಭವಿ: ಶಿಶು’ ಎಂದು ಬರೆದು, ಎದುರಿಗೆ ‘ಫಲಾನುಭವಿಯ ಸಹಿ’ ಎಂದು ಜಾಗ ಬಿಟ್ಟಳು. ತಾಯಂದಿರಿಗೆ ಜಾಗವೇ ಇರಲಿಲ್ಲ. ಮೂವತ್ತೇಳು ಫಲಾನುಭವಿಗಳಲ್ಲಿ ಒಬ್ಬರೂ ಸಹಿ ಮಾಡಿಲ್ಲವೆಂದು ಲೆಕ್ಕ ಪರಿಶೋಧಕರು ಆಕ್ಷೇಪಿಸಿದರು. ಸಹಿ ಬಾರದೆ ಮುಂದಿನ ಕಂತಿಲ್ಲ; ಕಂತಿಲ್ಲದೆ ಚಳಿಗಾಲಕ್ಕೆ ಹೊದಿಕೆಯಿಲ್ಲ.

ದೊಡ್ಡಮ್ಮನವರು ಬೈಯಲಿಲ್ಲ. ಲಸಿಕೆಯ ದಿನ ಶಾಯಿಯ ಪ್ಯಾಡು ಹಿಡಿದು ಆಸ್ಪತ್ರೆಗೆ ಹೊರಟರು.

“ಇನ್ನೂ ಕತ್ತೇ ನಿಂತಿಲ್ಲ, ಆಗಲೇ ಕಚೇರಿ ಕೆಲಸಾನಾ?” ಎಂದಳು ಒಬ್ಬ ಅಜ್ಜಿ.

“ಹೂಂ ಅಜ್ಜಿ, ನಿಮ್ಮ ಮೊಮ್ಮಗ ನಮ್ಮ ಸಾಹೇಬರಿಗಿಂತ ಬೇಗ ಸಹಿ ಹಾಕ್ತಾನೆ, ನೋಡ್ತಿರಿ.”

ಮರುವಾರ ಪರಿಶೋಧಕರು ಕಡತ ತೆರೆದು ಬೆಚ್ಚಿದರು. “ಏನಮ್ಮಾ ಇದು, ಕಾಲು!”

“ಹೆಬ್ಬೆಟ್ಟಿಗೇ ಹೋಗಿದ್ದೆ ಸಾರ್. ಒಬ್ಬರೂ ಮುಷ್ಟಿ ಬಿಚ್ಚಲಿಲ್ಲ.”

ಪ್ರತಿ ಪಾದದಚ್ಚಿನ ಕೆಳಗೂ ತಾಯಿಯ ಸಹಿಯಿತ್ತು. ಪರಿಶೋಧಕರು ನಗು ನುಂಗಿಕೊಂಡು ಕಂತಿಗೆ ಒಪ್ಪಿಗೆ ಕೊಟ್ಟರು. ಆಮೇಲೆ ಮುಖ ಗಂಟು ಹಾಕಿ, “ಈ ನಮೂನೆ ಮಾಡಿದವರ ಸೇವಾ ಪುಸ್ತಕದಲ್ಲಿ ಷರಾ ಬರೀಲೇಬೇಕು. ಯಾರದು?” ಎಂದರು.

“ನಂದೇ ಸಾರ್,” ಎಂದರು ದೊಡ್ಡಮ್ಮನವರು.

“ನಿವೃತ್ತಿ ಹತ್ತಿರ ಬಂದಿದೆ. ಪಿಂಚಣಿ ತಡವಾಗುತ್ತೆ, ಗೊತ್ತಲ್ಲ?”

“ಆಗಲಿ ಬಿಡಿ. ನಿಮ್ಮ ಕೋಣೇಲಿ ಬೆಳಕು ಚೆನ್ನಾಗಿದೆ, ಬಂದು ಹೆಣೀತಾ ಕೂರ್ತೀನಿ.”

ದೊಡ್ಡಮ್ಮನವರು ನಿವೃತ್ತಿಯ ನಂತರವೂ ಆರೋಗ್ಯವಂತರಾಗಿ ನೂರ್ಕಾಲ ಬಾಳಲಿ, ಅಧಿಕಾರಿಗಳ ನೆಮ್ಮದಿ ಕೆಡಿಸುತ್ತಲೇ ಇರಲಿ ಎಂಬ ಹಾರೈಕೆಯೊಡನೆ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದರೂ ಕಚೇರಿಯಲ್ಲಿ ‘ಹೂಂ’ ಬಿಟ್ಟು ಬೇರೆ ಮಾತಾಡದಿದ್ದ ಈ ಲೇಖಕಿ ಅಂದು ಬಾಗಿಲ ಬಳಿಯಿಂದ ಆಡಿದ ಮಾತೂ ಇಲ್ಲಿ ದಾಖಲಾಗಲಿ:

“ಸಾರ್, ಅದನ್ನ ಮಾಡಿದ್ದು ನಾನು. ಷರಾ ನನ್ನ ಪುಸ್ತಕದಲ್ಲಿ ಬರೀರಿ.”